ಕರೇಮಟ್ಟಿಯ ಮೆಣಸಿನಕಾಯಿ ಬೀಜ

ಮನೆಯಂಗಳದಲ್ಲಿ ಮೆಣಸಿನಕಾಯಿ ಬೀಜ ಹಾಕಿದವರು ನಮ್ಮ ಪುಣೆಯಲ್ಲಿ ಬಹಳ ಮಂದಿ ಇದ್ದಾರೆ. ಸಸಿ ಕಂಡವರು ಕಡಿಮೆ. ಅದರಲ್ಲೂ ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಹಾಕಿದರೆ ಬೀಜ ಮಣ್ಣಿನಲ್ಲೇ ಕೊಳೆತು ಹೋಗುತ್ತದೆ. "ನಮ್ಮ ಕೈಗುಣ ಚಲೋ ಇಲ್ಲ ಬಿಡ್ರಿ" ಎಂದು ಕುಂಡವನ್ನು ಮೂಲೆಗೆ ಸರಿಸಿ ಸುಮ್ಮನಾಗುತ್ತೇವೆ.

ನಮ್ಮ ಮಹಿಳಾ ಮಂಡಳಿಯ ಅಂಬಾಬಾಯಿಯವರಿಗೂ ಒಮ್ಮೆ ಹಾಗೆಯೇ ಆಗಿತ್ತು. ಇದು ಇಪ್ಪತ್ತೈದು ವರ್ಷದ ಹಿಂದಿನ ಮಾತು, ಹಿಂದಿನ ಮಹಾಯುದ್ಧ ಮುಗಿದ ವರ್ಷ. ಆಗ ಅವರಿಗೆ ಇಪ್ಪತ್ತೆರಡು ವಯಸ್ಸು. ಮನೆಯವರು ಅಂಬಾ ಎಂದು ಕರೆಯುತ್ತಿದ್ದರು. ಕಥೆ ಮುಗಿಯುವ ತನಕ ನಾನೂ ಹಾಗೆಯೇ ಕರೆಯುತ್ತೇನೆ.

ಅಂಬಾ ನಾರಾಯಣ ಪೇಠೆಯ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಇದ್ದಳು. ಎರಡು ಖೋಲಿ, ಒಂದು ಬಚ್ಚಲುಮನೆ, ಹಿಂದೆ ನಾಲ್ಕು ಹೆಜ್ಜೆ ಅಂಗಳ. ಗಂಡ ಬಿಂದುಮಾಧವ ಸರಕಾರಿ ಕಚೇರಿಯಲ್ಲಿ ಕಾರಕೂನ. ಅತ್ತೆ ರಂಗೂಬಾಯಿ ಅರವತ್ತು ದಾಟಿದವರು. ಮಾತು ಒರಟು, ಕೆಲಸ ಚೊಕ್ಕ.

ಅಂಬಾಳ ತವರು ಧಾರವಾಡ ಜಿಲ್ಲೆಯ ಕರೇಮಟ್ಟಿ ಎಂಬ ಸಣ್ಣ ಹಳ್ಳಿ. ಅಲ್ಲಿ ಅವಳ ತಾಯಿ ಹಿತ್ತಲಲ್ಲಿ ಒಂದು ಬಗೆಯ ಮೆಣಸಿನಕಾಯಿ ಬೆಳೆಯುತ್ತಿದ್ದಳು. ಕಾಯಿ ಗಿಡ್ಡ, ಬೆರಳಿನ ಎರಡು ಗೆಣ್ಣಿನಷ್ಟು. ಒಣಗಿದರೆ ಕಪ್ಪುಗೆಂಪು. ಒಂದು ಗಡಿಗೆ ಹುಳಿಗೆ ಒಂದೇ ಕಾಯಿ ಸಾಕು, ಎರಡು ಹಾಕಿದರೆ ಉಂಡವರ ಕಣ್ಣಲ್ಲಿ ನೀರು. ಆ ಬೀಜ ಅಜ್ಜಿಯ ಅಜ್ಜಿಯ ಕಾಲದಿಂದ ಆ ಮನೆಯಲ್ಲಿ ಇತ್ತಂತೆ. ತಾಯಿಗೆ ಅದರ ಮೇಲೆ ಬಹಳ ಅಭಿಮಾನ. ಊರವರಿಗೆ ಕಾಯಿ ಕೊಡುತ್ತಿದ್ದಳು. ಆದರೆ ಕೊಡುವ ಮೊದಲು ಕಾಯಿಯನ್ನು ಸೀಳಿ ಬೀಜ ಝಾಡಿಸಿ ಕೊಡುತ್ತಿದ್ದಳು. ಬೀಜ ಮಾತ್ರ ಯಾರಿಗೂ ಇಲ್ಲ.

ಮಗಳಿಗೆ ಮಾತ್ರ ಇಡೀ ಕಾಯಿ ಕಳಿಸುತ್ತಿದ್ದಳು. ಆ ವರ್ಷ ಶ್ರಾವಣದಲ್ಲಿ ಪುಣೆಗೆ ಬರುವವರೊಬ್ಬರ ಕೈಯಲ್ಲಿ ಒಂದು ಗಂಟು ಕಳಿಸಿದಳು. ದಾರಿಯಲ್ಲಿ ಮಳೆ ಬಂದು ಗಂಟು ತೊಯ್ದಿತ್ತು. ರಂಗೂಬಾಯಿ ಕಾಯಿಗಳನ್ನು ಮೊರದಲ್ಲಿ ಹರವಿ ಮತ್ತೆ ಒಣಗಿಸಿ ಡಬ್ಬಿ ತುಂಬಿಟ್ಟರು.

ಎರಡು ತಿಂಗಳಿಗೆ ಮಾನಮೋಡಿ ಜ್ವರ ಬಂತು. ಸಾಹೇಬರು ಅದಕ್ಕೆ ಇನ್‌ಫ್ಲುಯೆಂಜಾ ಎಂದರು. ಪುಣೆಯಲ್ಲಿ ಮನೆಮನೆಯಲ್ಲೂ ಮಂದಿ ಹಾಸಿಗೆ ಹಿಡಿದರು. ಓಂಕಾರೇಶ್ವರದ ಘಾಟಿನಲ್ಲಿ ಹೆಣ ಸುಡಲು ಕಟ್ಟಿಗೆ ಸಾಲದಾಯಿತು. ಅಂಬಾಳ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅವಳು ದಿನಾ ದೇವರಿಗೆ ಕೈ ಮುಗಿದಳು. ಕರೇಮಟ್ಟಿ ದೂರದ ಊರು, ಅಲ್ಲಿಗೆ ಯಾವ ಬೇನೆ ಬರುತ್ತದೆ ಎಂದುಕೊಂಡಿದ್ದಳು.

ಕಾರ್ತಿಕದಲ್ಲಿ ಒಂದು ಕಾರ್ಡು ಬಂತು. ತವರಿನ ಪಕ್ಕದ ಮನೆಯ ಕಾಂತಪ್ಪ ಬರೆದದ್ದು. ಬಿಂದುಮಾಧವ ಬಾಗಿಲಲ್ಲೇ ನಿಂತು ಓದಿದ. ಅವನ ಮುಖ ನೋಡಿ ಅಂಬಾ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

"ಯಾರಿಗೆ ಏನಾತ್ರಿ?"

ಅವನು ಓದಿಯೇ ಹೇಳಿದ. ತಂದೆ, ತಾಯಿ, ಅಣ್ಣ ರಾಘಣ್ಣ, ಅತ್ತಿಗೆ, ಒಂಬತ್ತು ದಿವಸದಲ್ಲಿ ನಾಲ್ಕೂ ಜನ ತೀರಿಕೊಂಡರು. ಸಂಸ್ಕಾರ ಊರವರೇ ಮಾಡಿದರು. ಮನೆಗೆ ಕೀಲಿ ಹಾಕಿದೆ. ಬೇನೆ ಇನ್ನೂ ಇದೆ, ತಾವು ಯಾರೂ ಬರಬಾರದು.

ಮದುವೆಯಾದ ಮಗಳಿಗೆ ಮೂರು ದಿವಸ ಸೂತಕ. ನಾಲ್ಕನೆಯ ದಿವಸ ಅಂಬಾ ತಲೆಗೆ ನೀರು ಹಾಕಿಕೊಂಡು ಮತ್ತೆ ಒಲೆಯ ಮುಂದೆ ಕೂತಳು. ನಾಲ್ಕು ಜನರ ದುಃಖ ಮೂರು ದಿವಸಕ್ಕೆ ಹೇಗೆ ಮುಗಿಯಬೇಕು? ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು.

ಒಂದು ದಿನ ಅವಳಿಗೆ ಆ ಮೆಣಸಿನಕಾಯಿಯ ನೆನಪಾಯಿತು. ಡಬ್ಬಿ ತೆಗೆದು ನೋಡಿದರೆ ಹನ್ನೆರಡೇ ಕಾಯಿ.

"ಅತ್ಯಾರ, ಇದರಾಗಿನ ಕಾಯಿ ಎಲ್ಲಿ ಹ್ವಾದುವ್ರಿ?"

"ದೀವಳಿಗಿಗೆ ಖಾರಪುಡಿ ಕುಟ್ಟಿದೆ. ಯಾಕ?"

ಅಂಬಾ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತುಬಿಟ್ಟಳು.

"ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತಿ? ಬಜಾರದಾಗ ಮೆಣಸಿನಕಾಯಿಗೇನು ಬರ ಬಂದದೇನು?" ಎಂದರು ರಂಗೂಬಾಯಿ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರಿಗೆ ತಿಳಿಯಲಿಲ್ಲ, ಅಷ್ಟೇ.

ಅಂಬಾ ಮರುದಿನವೇ ಹತ್ತು ಕಾಯಿ ಒಡೆದಳು. ಬಾಯಿ ಒಡೆದ ಗಡಿಗೆಗೆ ಅಂಗಳದ ಮಣ್ಣು ತುಂಬಿ ಬೀಜ ಹಾಕಿದಳು. ಆಳಕ್ಕೆ ಹೋದರೆ ಗಟ್ಟಿಯಾಗಿ ಬರುತ್ತವೆ ಎಂದು ಬೆರಳುದ್ದ ಒಳಗೆ ಒತ್ತಿದಳು. ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ನೀರು ಹಾಕಿದಳು. ಮಾರ್ಗಶಿರದ ಚಳಿ. ಮುಂಜಾನೆ ಎದ್ದರೆ ನದಿಯ ಕಡೆಯಿಂದ ಮಂಜು ಬಂದು ವಾಡೆಯ ಬಾಗಿಲಿಗೆ ನಿಂತಿರುತ್ತಿತ್ತು. ಇಪ್ಪತ್ತೈದು ದಿವಸ ಕಾದಳು. ಒಂದು ಮೊಳಕೆಯೂ ಇಲ್ಲ. ಕೊನೆಗೆ ಬೆರಳಿನಿಂದ ಕೆದರಿ ನೋಡಿದಳು. ಬೀಜ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಹಿಸುಕಿದರೆ ನೀರು, ಮೂಗಿಗೆ ಹಿಡಿದರೆ ನಾತ.

"ಸತ್ತವರ ಮನೀ ಬೀಜ ಎಲ್ಲಿ ಏಳ್ತಾವ?" ಎಂದರು ರಂಗೂಬಾಯಿ, ಅತ್ತ ತಿರುಗಿ.

ಆ ಮಾತು ಅಂಬಾಳ ಎದೆಗೆ ನಾಟಿತು. ಅವತ್ತು ಅವಳು ಉಣ್ಣಲಿಲ್ಲ.

ಬಿಂದುಮಾಧವನಿಗೆ ಹೆಂಡತಿಯ ಸ್ಥಿತಿ ಕಂಡು ಭಯವಾಯಿತು. ಅವನು ಕಾಂತಪ್ಪನಿಗೆ ಪತ್ರ ಬರೆದ. ನಿಮ್ಮಲ್ಲಿ ಆ ಕಾಯಿಯ ಬೀಜ ಇದ್ದರೆ ಒಂದು ಚಿಟಿಕೆ ಕಳಿಸಿರಿ ಎಂದು ಕೇಳಿದ. ಹತ್ತು ದಿವಸಕ್ಕೆ ಉತ್ತರ ಬಂತು.

"ಮನೆಯ ಕೀಲಿ ತೆಗೆದು ನೋಡಿದೆವು. ಬೀಜ ಇಟ್ಟಿದ್ದ ಸೋರೆ ಬುರುಡೆಯನ್ನು ಇಲಿ ಕಡಿದಿವೆ. ಹಿತ್ತಲ ಗಿಡ ದನ ಮೇಯ್ದಿವೆ. ಊರಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ನಾನು ನಿಮ್ಮ ಅತ್ತೆಯವರನ್ನು ಎರಡು ಸಲ ಕೇಳಿದ್ದೆ. ಅವರು ಕೊಡಲಿಲ್ಲ. ಈಗ ಅದನ್ನು ಹೇಳಿ ಏನು ಪ್ರಯೋಜನ."

ಅಂಬಾ ಆ ಪತ್ರವನ್ನು ತಾನೇ ತೆಗೆದುಕೊಂಡು ಇನ್ನೊಮ್ಮೆ ಓದಿದಳು. ತಾಯಿಯ ಬಗ್ಗೆ ಸಿಟ್ಟು ಬಂತು. ಸತ್ತ ತಾಯಿಯ ಮೇಲೆ ಸಿಟ್ಟು ಬಂತಲ್ಲ ಎಂದು ಮತ್ತೆ ಅಳು ಬಂತು.

ಇನ್ನು ಉಳಿದದ್ದು ಡಬ್ಬಿಯ ತಳದ ಎರಡು ಕಾಯಿ.

ಮುಂದಿನ ರವಿವಾರ ಫಕೀರಪ್ಪ ಬಂದ. ಫಕೀರಪ್ಪ ಹಾವೇರಿ ಕಡೆಯವನು, ಕ್ಯಾಂಪಿನ ಒಬ್ಬ ಸಾಹೇಬನ ಬಂಗಲೆಯಲ್ಲಿ ಇಪ್ಪತ್ತು ವರ್ಷದಿಂದ ಮಾಲಿ. ಅವನಿಗೆ ಓದು ಬರಹ ಇಲ್ಲ. ತಿಂಗಳಿಗೊಮ್ಮೆ ಬಿಂದುಮಾಧವನ ಕೈಯಲ್ಲಿ ಊರಿಗೆ ಕನ್ನಡದ ಪತ್ರ ಬರೆಸಿಕೊಂಡು ಹೋಗುತ್ತಿದ್ದ. ಅಂಗಳದಲ್ಲಿ ಕೂತವನು ಒಡೆದ ಗಡಿಗೆ ನೋಡಿದ.

"ಇದರಾಗ ಏನ ಹಾಕಿದ್ರಿ ಅಕ್ಕಾರ?"

ಅಂಬಾ ಎಲ್ಲವನ್ನೂ ಹೇಳಿದಳು. ಇಷ್ಟು ದಿವಸದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಫಕೀರಪ್ಪ ಗಡಿಗೆಯಲ್ಲಿ ಕೈ ಹಾಕಿ ಮಣ್ಣು ಹಿಂಡಿದ. ಬೆರಳ ಸಂದಿಯಿಂದ ನೀರು ಇಳಿಯಿತು.

"ಬೀಜಕ್ಕ ಇದು ಮನಿ ಅಲ್ರಿ, ಕೆಸರಿನ ಹೊಂಡ. ಗಡಿಗಿ ತಳಕ್ಕ ತೂತಿಲ್ಲ, ನೀರ ಹೋಗೂದೆಲ್ಲಿ? ಮ್ಯಾಲೆ ಈ ಥಂಡಿ. ಮೆಣಸಿನಕಾಯಿ ಬಿಸಲನಾಡಿನ ಕೂಸ್ರಿ. ಬೆಚ್ಚಗಿದ್ರ ಕಣ್ಣ ತೆರೀತದ, ಥಂಡಿ ಹತ್ತಿದ್ರ ಒಳಗ ಕೊಳೀತದ. ಖಾರ ಹೆಚ್ಚಿದ್ದ ಜಾತಿ ಅಂದ್ರ ಇನ್ನೂ ತಡಾ."

ರಂಗೂಬಾಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಅಲ್ಲೋ ಫಕೀರಪ್ಪ, ಸಾವಿನ ಮನೀ ಬೀಜ ಅವು. ಅದಕ್ಕ ಏಳಲಿಲ್ಲ. ಸುಮ್ಮನ ಆ ಹುಡುಗಿಗೆ ಆಸೆ ಹಚ್ಚಬ್ಯಾಡ."

"ಅಮ್ಮಾರ, ಸಾವು ಸೂತಕ ಎಲ್ಲಾ ನಮಗ್ರಿ. ಬೀಜಕ್ಕೇನ ಗೊತ್ತು? ಬೆಚ್ಚಗ ಅದನೋ ಥಂಡಿ ಅದನೋ, ಅಷ್ಟ ಅದಕ್ಕ ಗೊತ್ತು."

"ಹಂಗಾದ್ರ ಬ್ಯಾಸಗಿ ಮುಗದು ಮಿರಗದ ಮಳಿ ಬೀಳೂ ತನಕಾ ತಡೀಲಿ. ಆವಾಗ ಹಾಕಿದ್ರಾತು."

ಫಕೀರಪ್ಪ ಉಳಿದ ಎರಡು ಕಾಯಿಯನ್ನು ಕೇಳಿ ತೆಗೆದುಕೊಂಡ. ಮೆಲ್ಲಗೆ ಮುರಿದು ಬೀಜವನ್ನು ಅಂಗೈಗೆ ಸುರಿದುಕೊಂಡ. ಅರ್ಧಕ್ಕಿಂತ ಹೆಚ್ಚು ಬೀಜ ಕಪ್ಪಾಗಿದ್ದವು.

"ತಡಿಯಾಕ ಬರಾಂಗಿಲ್ರಿ ಅಮ್ಮಾರ. ಮಳ್ಯಾಗ ತೊಯ್ದ ಕಾಯಿ ಇವು. ದಿವಸಾ ಹ್ವಾದಂಗ ಬೀಜದ ಜೀವಾ ಇಳಕೋತ ಹೊಂಟದ. ಮಿರಗ ಬರೂದರಾಗ ಒಂದೂ ಉಳಿಯೂದಿಲ್ಲ. ಎಬ್ಬಸೂದಿದ್ರ ಈಗ ಎಬ್ಬಸಬೇಕು."

ಕಪ್ಪು ಬೀಜ, ಜೊಳ್ಳು ಬೀಜ ತೆಗೆದು ಹಾಕಿದ ಮೇಲೆ ಹಳದಿ ಬಣ್ಣದ ಗಟ್ಟಿ ಬೀಜ ಮೂವತ್ತಾರು ಉಳಿದವು. ಅಂಬಾ ಎರಡೆರಡು ಸಲ ಎಣಿಸಿದಳು.

"ಈಗ ಏನ ಮಾಡ್ಬೇಕು ಹೇಳ್ರಿ ಫಕೀರಪ್ಪಾ" ಎಂದಳು.

"ಉಗುರುಬೆಚ್ಚಗಿನ ನೀರಾಗ ಒಂದ ರಾತ್ರಿ ನೆನಿ ಇಡ್ರಿ. ಮುಂಜಾನೆ ಹಳೇ ಪಂಚಿ ತುಂಡಿನ್ಯಾಗ ಸುತ್ರಿ. ಪಂಚಿ ಹಸಿ ಇರಬೇಕು, ಹಿಂಡಿದ್ರ ನೀರ ಬೀಳಬಾರದು. ಒಂದ ಬಟ್ಟಲದಾಗ ಇಟ್ಟು ಬೆಚ್ಚನ್ನ ಜಾಗಾದಾಗ ಇಡ್ರಿ. ಅಡಗಿ ಒಲಿ ಹತ್ರ ಆದ್ರ ಚಲೋ."

"ಅಡಗೀ ಮನ್ಯಾಗ ಬ್ಯಾಡ!" ಎಂದರು ರಂಗೂಬಾಯಿ ಥಟ್ಟನೆ. "ಮಡೀ ಒಲಿ ಅದು."

ಫಕೀರಪ್ಪ ವಾದ ಮಾಡಲಿಲ್ಲ. "ಬಚ್ಚಲದಾಗ ನೀರು ಕಾಸೂ ಹಂಡೆ ಅದ ಅಲ್ರಿ? ಅದರ ಒಲಿ ಕಟ್ಟೀ ಮ್ಯಾಲ ಇಡ್ರಿ. ಬೆಂಕಿ ಆರಿದ್ರೂ ಕಟ್ಟಿ ಬೆಚ್ಚಗಿರ್ತದ. ಆದ್ರ ಸುಡಬಾರದು. ಅಂಗೈ ಇಟ್ಟ ನೋಡ್ರಿ, ಕೈಗೆ ಹಿತಾ ಅನಿಸಿದ್ರ ಬೀಜಕ್ಕೂ ಹಿತಾ. ದಿನಾ ಒಮ್ಮೆ ಬಿಚ್ಚಿ ನೋಡ್ರಿ. ಎಂಟ ದಿನಕ್ಕೂ ಬರಬಹುದು, ಹದಿನೈದಕ್ಕೂ ಬರಬಹುದು. ಬ್ಯಾಸರಾ ಮಾಡ್ಕೋಬ್ಯಾಡ್ರಿ."

ಅಂಬಾ ಹಾಗೆಯೇ ಮಾಡಿದಳು. ದಿನಾ ಮುಂಜಾನೆ ಹಂಡೆಗೆ ಉರಿ ಹಾಕಿ, ಎಲ್ಲರ ಸ್ನಾನವಾದ ಮೇಲೆ ಕೆಂಡ ಸರಿಸಿ, ಕಟ್ಟೆಯ ಮೇಲೆ ಕೈ ಇಟ್ಟು ನೋಡಿ ಬಟ್ಟಲು ಇಡುತ್ತಿದ್ದಳು. ಎಂಟು ದಿವಸ ಕಳೆಯಿತು, ಏನೂ ಇಲ್ಲ. ಹತ್ತು ದಿವಸ ಕಳೆಯಿತು. ರಂಗೂಬಾಯಿ ಬಚ್ಚಲಿಗೆ ಹೋಗಿ ಬರುವಾಗ ಬಟ್ಟಲ ಕಡೆಗೆ ಒಮ್ಮೆ ನೋಡುತ್ತಿದ್ದರು. ಹನ್ನೆರಡನೆಯ ದಿವಸ ಪಂಚೆಯ ತುಂಡು ಬಿಚ್ಚಿದಾಗ ಒಂದು ಬೀಜದ ತುದಿಯಲ್ಲಿ ದಾರದಷ್ಟು ಬಿಳಿ ಬೇರು ಕಂಡಿತು. ಹದಿನೈದನೆಯ ದಿವಸಕ್ಕೆ ಅಂಥವು ಏಳಾದವು. ಉಳಿದ ಇಪ್ಪತ್ತೊಂಬತ್ತು ಏಳಲೇ ಇಲ್ಲ.

ಆ ರವಿವಾರ ಫಕೀರಪ್ಪ ತಾನಾಗಿ ಬಂದ. ಗೋಣಿಚೀಲದಲ್ಲಿ ಸಾಣಿಸಿದ ಎಲೆಗೊಬ್ಬರ, ಸ್ವಲ್ಪ ಹೊಳೆಯ ಮರಳು ತಂದಿದ್ದ. ನಾಲ್ಕು ಕುಂಡದ ತಳಕ್ಕೆ ತೂತು ಮಾಡಿ, ಅದರ ಮೇಲೆ ಹೆಂಚಿನ ಚೂರು ಇಟ್ಟು, ಗೊಬ್ಬರ ಮಣ್ಣು ತುಂಬಿದ. ಅಂಬಾ ಬೀಜ ಇಟ್ಟಳು.

"ಅರ್ಧ ಉಗುರು ಆಳ, ಹೆಚ್ಚ ಬ್ಯಾಡ. ಮ್ಯಾಲೆ ಮಣ್ಣು ಉದರಸ್ರಿ, ಒತ್ತಬ್ಯಾಡ್ರಿ. ನೀರು ಮುಂಜಾನೆ ಮಾತ್ರ, ಕೈಲೆ ಚಿಮುಕಸ್ರಿ. ಸಂಜೀಕ ಹಾಕಿದ್ರ ರಾತ್ರಿ ಥಂಡಿಗೆ ಸಸಿ ಕುತ್ತಿಗಿ ಕೊಳೀತದ."

ನಂತರ ಅವನು ಓಣಿಯ ತುದಿಯ ಟಾಂಗಾ ಲಾಯದಿಂದ ಎರಡು ಬುಟ್ಟಿ ಹಸಿ ಲದ್ದಿ ಹೊತ್ತು ತಂದ. ರಂಗೂಬಾಯಿ ಮೂಗಿಗೆ ಸೆರಗು ಹಿಡಿದರು.

"ಇದೇನೋ ಇದು? ಆಕಳ ಸಗಣಿ ಅಂದ್ರ ಬ್ಯಾರೆ. ಕುದರೀ ಲದ್ದಿ ತಂದು ತುಳಸೀ ಕಟ್ಟೀ ಮುಂದ ಸುರೂತಿಯೇನು?"

"ತುಳಸಿಯಿಂದ ದೂರ, ಆ ಮೂಲ್ಯಾಗ ಹಾಕ್ತೇನ್ರಿ ಅಮ್ಮಾರ. ನಮ್ಮ ಸಾಹೇಬ ಥಂಡ್ಯಾಗ ಟೊಮ್ಯಾಟೊ ಸಸಿ ಹಿಂಗ ಮಾಡಸ್ತಾನ. ಹಸೀ ಲದ್ದಿ ಗುಂಪಿ ಹಾಕಿದ್ರ ಒಳಗ ತಾನ ಬಿಸಿ ಹುಟ್ತದ. ಮೊದಲ ನಾಕ ದಿನಾ ಭಾಳ ಉರಿ ಇರ್ತದ, ಆವಾಗ ಇಡಬಾರದು. ಉರಿ ಇಳದ ಮ್ಯಾಲೆ ಮಣ್ಣು ಹರವಿ ಕುಂಡ ಇಟ್ರ, ಕೆಳಗ ಒಲಿ ಹಚ್ಚಿದಂಗ. ಕೈ ಇಟ್ಟ ನೋಡ್ರಿ ಬೇಕಾದ್ರ."

ರಂಗೂಬಾಯಿ ಕೈ ಇಡಲಿಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ. ಉರಿ ಇಳಿಯುವ ತನಕ ಕುಂಡಗಳು ಬಚ್ಚಲಲ್ಲಿ ಇದ್ದವು. ಆಮೇಲೆ ಗುಂಪಿಯ ಮೇಲೆ ಬಂದವು.

ಏಳು ಸಸಿ ಎದ್ದವು. ಎರಡೆರಡು ಎಲೆ, ನೋಡಿದರೆ ಮುರಿಯುವಂತೆ. ಹಗಲು ಬಿಸಿಲು ತಾಗುವಂತೆ ಇಟ್ಟು, ಸಂಜೆ ಬುಟ್ಟಿ ಮುಚ್ಚಿ ಮೇಲೆ ಗೋಣಿಚೀಲ ಹಾಕುವುದು ಅಂಬಾಳ ನಿತ್ಯದ ಕೆಲಸವಾಯಿತು. ಒಂದು ದಿನ ಅವಳು ಹೊರಗಾಗಿ ದೂರ ಕೂತಿದ್ದಾಗ ರಂಗೂಬಾಯಿ ಸಸಿ ಬಾಡಿದಂತೆ ಕಾಣುತ್ತವೆ ಎಂದು ಸಂಜೆ ಒಂದು ತಂಬಿಗೆ ನೀರು ಹಾಕಿಬಿಟ್ಟರು. ಕರುಣೆಯಿಂದಲೇ ಹಾಕಿದ್ದು. ಮೂರು ದಿವಸದಲ್ಲಿ ಎರಡು ಸಸಿ ಬುಡದಲ್ಲಿ ಕಪ್ಪಾಗಿ ಮಲಗಿದವು. ಐದು ಉಳಿದವು.

"ನಾ ಒಳ್ಳೇದಕ್ಕ ಹಾಕಿದ್ನಿ" ಎಂದರು ಅವರು.

"ಗೊತ್ತದರಿ ಅತ್ಯಾರ" ಎಂದಳು ಅಂಬಾ. ಬೈಯದೆ ಬಿಟ್ಟದ್ದೇ ರಂಗೂಬಾಯಿಗೆ ಹೆಚ್ಚು ಚುಚ್ಚಿತು.

ಮಾಘದಲ್ಲಿ ಜ್ವರ ಮತ್ತೆ ಬಂತು. ಹೋಯಿತೆಂದುಕೊಂಡ ಬೇನೆ ಪೇಠೆಗೆ ತಿರುಗಿ ಬಂತು. ಒಂದು ಮಧ್ಯಾಹ್ನ ಬಿಂದುಮಾಧವ ಕಚೇರಿಯಿಂದ ನಡುಗುತ್ತ ಮನೆಗೆ ಬಂದ. ಸಂಜೆಗೆ ಮೈ ಕೆಂಡವಾಯಿತು. ಮಾತು ತೊದಲಿತು. ಡಾಕ್ಟರು ಬಂದು ಎದೆ ನೋಡಿ, "ಐದು ದಿವಸ ದಾಟಬೇಕು" ಎಂದಷ್ಟೇ ಹೇಳಿ ಹೋದರು.

ಅಂಬಾ ತಲೆದೆಸೆಗೆ ಕೂತಳು, ರಂಗೂಬಾಯಿ ಕಾಲ ಬಳಿ ಕೂತರು. ಒಬ್ಬರು ಹಣೆಗೆ ಒದ್ದೆ ಬಟ್ಟೆ ಇಟ್ಟರೆ ಇನ್ನೊಬ್ಬರು ಗಂಜಿ ಕುಡಿಸಲು ನೋಡಿದರು. ಆ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಲಿಲ್ಲ. ಮಡಿ ಮೈಲಿಗೆಯ ಮಾತು ಬರಲಿಲ್ಲ. ಅಂಗಳದ ನೆನಪಂತೂ ಯಾರಿಗೂ ಇರಲಿಲ್ಲ.

ಮೂರನೆಯ ದಿವಸ ಮುಂಜಾನೆ ರಂಗೂಬಾಯಿ ನೀರಿಗೆ ಹೊರಗೆ ಬಂದರು. ಬುಟ್ಟಿಗಳು ಗೋಡೆಗೆ ಒರಗಿಸಿದಲ್ಲೇ ಇದ್ದವು. ಎರಡು ರಾತ್ರಿ ಸಸಿಗಳು ಬಯಲಲ್ಲಿ ಇದ್ದವು. ಆ ಎರಡು ರಾತ್ರಿಯ ಚಳಿ ಆ ವರ್ಷಕ್ಕೇ ಕೆಟ್ಟದ್ದು. ಮೂರು ಸಸಿಗಳ ಎಲೆ ಬೆಂದ ಪಲ್ಯದಂತೆ ಜೋತು ಬಿದ್ದಿದ್ದವು. ಗೋಡೆಯ ಮಗ್ಗುಲಿನ ಕುಂಡದ ಎರಡು ಮಾತ್ರ ನಿಂತಿದ್ದವು.

ರಂಗೂಬಾಯಿ ಆ ಎರಡರ ಮೇಲೆ ಬುಟ್ಟಿ ಮುಚ್ಚಿದರು. ಲದ್ದಿಯ ಗುಂಪಿಯ ಬದಿಗೆ ಕೈ ಇಟ್ಟು ನೋಡಿದರು. ಆರಿತ್ತು. ಅವರು ಬುಟ್ಟಿ ತೆಗೆದುಕೊಂಡು ತಾವೇ ಟಾಂಗಾ ಲಾಯಕ್ಕೆ ಹೋದರು. ಬ್ರಾಹ್ಮಣರ ಮನೆಯ ಮುದುಕಿ ತಲೆಯ ಮೇಲೆ ಸೆರಗು ಹೊತ್ತು ಕುದುರೆ ಲದ್ದಿ ತುಂಬುವುದನ್ನು ನೋಡಿ ಟಾಂಗಾವಾಲಾ "ಆಜೀ, ಹೇ ಕಾಯ?" ಅಜ್ಜೀ, ಇದೇನು ಎಂದು ಮರಾಠಿಯಲ್ಲಿ ಕೇಳಿದನಂತೆ. ಅವರು ಬುಟ್ಟಿ ಹೊತ್ತು ತಂದು ಗುಂಪಿಯ ಸುತ್ತ ಸುರಿದರು.

ಒಳಗೆ ಬಂದು ಅಂಬಾಳ ಮುಂದೆ ಕೂತು ಹೇಳಿದರು, "ಮೂರ ಸಸಿ ಹ್ವಾದುವು. ಎರಡು ಅವ."

ಅಂಬಾ ತಲೆ ಅಲ್ಲಾಡಿಸಿದಳು. ಅವಳ ಕಣ್ಣು ಗಂಡನ ಎದೆಯ ಏರಿಳಿತದ ಮೇಲೆಯೇ ಇತ್ತು.

"ಅಂಬಾ, ಎರಡ ದಿನಾ ಆತು, ನನ್ನ ಜೀವ ಕೈಯಾಗ ಅದ. ಒಬ್ಬನ ಸಲುವಾಗಿ ಇಷ್ಟು. ನೀ ನಾಕೂ ಮಂದೀನ ಕಳಕೊಂಡು ನನ್ನ ಮುಂದ ಓಡ್ಯಾಡಿದಿ. ನಾ ನಿನಗ ಸತ್ತವರ ಮನೀ ಬೀಜ ಅಂದೆ."

ಅತ್ತೆಯ ಕೈಯಲ್ಲಿದ್ದ ಲದ್ದಿಯ ವಾಸನೆ ಖೋಲಿಯಲ್ಲೆಲ್ಲ ಹರಡಿತ್ತು. ಅಂಬಾ ತಂಬಿಗೆಯ ನೀರು ಬಗ್ಗಿಸಿ ಅವರ ಕೈ ತೊಳೆದಳು. ಆಗ ಇಬ್ಬರೂ ಅತ್ತರು.

ಬಿಂದುಮಾಧವ ಬದುಕಿದ. ಆರನೆಯ ದಿವಸ ಬೆವರು ಬಂದು ಜ್ವರ ಇಳಿಯಿತು. ಕೋಲು ಹಿಡಿದು ಅಂಗಳಕ್ಕೆ ಬರಲು ಮತ್ತೆ ಒಂದು ತಿಂಗಳು ಹಿಡಿಯಿತು. ಆ ಓಣಿಯಲ್ಲಿ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿ ಹೋಗುತ್ತದೆ ಎನ್ನುತ್ತಾರೆ. ಓಡಿಹೋದ ಚಳಿ ಕೆಲವು ಸಲ ತಿರುಗಿಯೂ ಬರುತ್ತದೆ. ಆದ್ದರಿಂದ ಫಕೀರಪ್ಪ ಅವಸರ ಮಾಡಗೊಡಲಿಲ್ಲ. ಬುಟ್ಟಿಯಿಲ್ಲದೆ ಮೊದಲ ದಿವಸ ಒಂದು ತಾಸು, ಮರುದಿನ ಎರಡು ತಾಸು, ಹೀಗೆ ಹತ್ತು ದಿವಸ ಗಾಳಿ ಬಿಸಿಲು ರೂಢಿ ಮಾಡಿಸಿ, ಎಂಟು ಎಲೆ ಆದ ಮೇಲೆ ಎರಡೂ ಸಸಿಗಳನ್ನು ಬೇರಿನ ಮಣ್ಣು ಉದುರದಂತೆ ದೊಡ್ಡ ಕುಂಡಕ್ಕೆ ಹಚ್ಚಿಸಿದ. ಚೈತ್ರದ ಕೊನೆಗೆ ಬಿಳಿ ಹೂ ಬಂತು. ಜ್ಯೇಷ್ಠದಲ್ಲಿ ಕಾಯಿ ಕೆಂಪಾಯಿತು.

ಮೊದಲ ಕಾಯಿ ಕೈಗೆ ಬಂದಾಗ ಅಂಬಾ ಅದನ್ನು ಮೂಸಿ ನೋಡಿದಳು. ಅದೇ ವಾಸನೆ. ಸಂತೋಷ ಆಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಬೀಜ ತಿರುಗಿ ಬಂತು, ಬೀಜ ಇಟ್ಟವಳು ಬರಲಿಲ್ಲ ಎಂದು ಎದೆ ಭಾರವಾಯಿತು.

ಆ ವರ್ಷ ಒಂದು ಕಾಯಿಯನ್ನೂ ಹುಳಿಗೆ ಹಾಕಲಿಲ್ಲ. ಗಿಡದ ಮೇಲೆಯೇ ಪೂರ್ತಿ ಹಣ್ಣಾದದ್ದನ್ನು ಕೊಯ್ದು, ಮಳೆ ತಾಗದಂತೆ ಒಳಗೆ ನೆರಳಿನಲ್ಲಿ ಒಣಗಿಸಿ, ಬೀಜ ತೆಗೆದು ಬೂದಿಯಲ್ಲಿ ಬೆರೆಸಿ ಐದು ಪುಡಿಕೆ ಕಟ್ಟಿದರು. ಒಂದು ಕರೇಮಟ್ಟಿಯ ಕಾಂತಪ್ಪನಿಗೆ ಟಪಾಲಿನಲ್ಲಿ ಹೋಯಿತು. ಒಂದು ಫಕೀರಪ್ಪನಿಗೆ. ಎರಡು ವಾಡೆಯ ಎರಡು ಮನೆಗಳಿಗೆ. ಒಂದು ಮಾತ್ರ ಮನೆಗೆ.

"ಇಷ್ಟು ಕಷ್ಟ ಪಟ್ಟು ಬೆಳಸಿ ಐದರಾಗ ಒಂದಽ ಪಾಲು ಇಟ್ಕೋತಿಯಲ್ಲಾ?" ಎಂದು ಬಿಂದುಮಾಧವ ಕೇಳಿದ.

"ನಮ್ಮವ್ವ ಎಲ್ಲಾ ತನ್ನ ಹತ್ರನಽ ಇಟ್ಕೊಂಡಿದ್ಲು" ಎಂದಳು ಅಂಬಾ.

ಮೂರನೆಯ ವರ್ಷ ಎಲೆ ಮುರುಟುವ ರೋಗ ಬಂದು ಅಂಬಾಳ ಅಂಗಳದ ಗಿಡಗಳೆಲ್ಲ ಹೋದವು. ಒಂದು ಕಾಯಿಯೂ ಉಳಿಯಲಿಲ್ಲ. ರಂಗೂಬಾಯಿ ಒಂದು ಬಟ್ಟಲು ಹಿಡಿದು, ಪುಡಿಕೆ ಕೊಟ್ಟಿದ್ದ ಎದುರು ಮನೆಗೆ ಹೋದರು. "ಬೀಜ ಕೊಡ್ರೆವಾ" ಎಂದು ಕೇಳಿ, ಬೇಕಾದಷ್ಟು ತಂದರು.

ಅಕ್ಕತಂಗಿಯರೇ, ಈಗ ಮತ್ತೆ ಯುದ್ಧದ ಕಾಲ. ರೇಶನ್ ಅಂಗಡಿಯ ಮುಂದೆ ನಿಂತು ನಿಂತು ನಮ್ಮೆಲ್ಲರ ಕಾಲು ಸೋತಿವೆ. ಅಂಗಳ ಇದ್ದವರು ಅಂಗಳದಲ್ಲಿ, ಇಲ್ಲದವರು ಗ್ಯಾಲರಿಯ ಒಂದು ಕುಂಡದಲ್ಲಿ ಮೆಣಸಿನ ಗಿಡ ಹಚ್ಚಿರಿ. ಚಳಿ ಇದೆ ಎಂದು ಹಿಂದೆ ಸರಿಯಬೇಡಿರಿ. ಹಂಡೆಯ ಒಲೆ ಎಲ್ಲರ ಮನೆಯಲ್ಲೂ ಇದೆ, ಹಳೆಯ ಪಂಚೆಯ ತುಂಡಿಗೂ ಕೊರತೆಯಿಲ್ಲ. ಬೀಜವನ್ನು ಬೆಚ್ಚಗಿಡಿರಿ, ಮುಳುಗಿಸಬೇಡಿರಿ, ಸಂಜೆ ನೀರು ಹಾಕಬೇಡಿರಿ, ರಾತ್ರಿ ಬುಟ್ಟಿ ಮುಚ್ಚುವುದನ್ನು ಮರೆಯಬೇಡಿರಿ. ಏಳದಿದ್ದರೆ ನಿಮ್ಮ ಕೈಗುಣವನ್ನೂ, ಮನೆಯ ಸೊಸೆಯನ್ನೂ ಬೈಯಬೇಡಿರಿ. ಮಣ್ಣಿನಲ್ಲಿ ಕೈ ಇಟ್ಟು ನೋಡಿರಿ, ತಂಪಾಗಿರುತ್ತದೆ. ದೋಷ ಆ ತಂಪಿನದು.

ಕಾಯಿ ಬಂದ ಮೇಲೆ ಎಲ್ಲವನ್ನೂ ಒರಳಿಗೆ ಹಾಕಬೇಡಿರಿ. ಚಲೋ ಗಿಡದ ನಾಲ್ಕು ಹಣ್ಣು ಬೀಜಕ್ಕೆ ಬಿಡಿರಿ. ಆ ಬೀಜದಲ್ಲಿ ಒಂದು ಪಾಲು ನಿಮಗೆ ಇಟ್ಟುಕೊಂಡು ಮೂರು ಮನೆಗೆ ಹಂಚಿರಿ. ಕೇಳಿದವರಿಗೆ ಇಲ್ಲ ಎನ್ನಬೇಡಿರಿ. ಈ ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನೆರೆಮನೆಯವರು ಬಂದಾಗ ಎಳ್ಳಿನ ಜೊತೆಗೆ ಒಂದು ಚಿಟಿಕೆ ಬೀಜವನ್ನೂ ಅವರ ಉಡಿಗೆ ಹಾಕಿರಿ.